ಎರವಲು ಕ್ಯಾಮೆರಾದ ಹುಡುಗಿ

ಕಳೆದ ಮಾರ್ಚ್‌ನಲ್ಲಿ ನಮ್ಮ ಕಾಲೇಜಿನ ಫೆಸ್ಟ್. ಕೊನೆಯ ದಿನ ರಾತ್ರಿ ಬ್ಯಾಂಡ್ ಕಾರ್ಯಕ್ರಮ. ಫೋಟೊ ತೆಗೆಯಬೇಕಿದ್ದ ಸೀನಿಯರ್ ಅಕ್ಕನಿಗೆ ಜ್ವರ ಬಂತು. ಅವರ ಕ್ಯಾಮೆರಾ ನನ್ನ ಕೊರಳಿಗೆ ಬಿತ್ತು. ಅಲ್ಲಿಯವರೆಗೆ ನಾನು ಮೊಬೈಲಿನಲ್ಲಿ ತೆಗೆದದ್ದೆಂದರೆ ಗೆಳತಿಯರ ಹುಟ್ಟುಹಬ್ಬ, ಊರಿನ ತೇರು, ಅಜ್ಜಿ ಮನೆಯ ಕರು. ಇಷ್ಟೇ ಬಂಡವಾಳ. ಆದರೂ ಅಷ್ಟು ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡು ವೇದಿಕೆಯ ಮುಂದೆ ನಿಂತಾಗ ಒಳಗೊಳಗೇ ಗತ್ತು.

ಆ ಗತ್ತು ಮೊದಲ ಹಾಡು ಮುಗಿಯುವವರೆಗೂ ಉಳಿಯಲಿಲ್ಲ. ಕ್ಯಾಮೆರಾ ಆಟೊ ಮೋಡ್‌ನಲ್ಲಿತ್ತು. ಕತ್ತಲು ಕಂಡದ್ದೇ ತಡ, ತಾನಾಗಿಯೇ ಫ್ಲ್ಯಾಶ್ ಎತ್ತಿ ಹಾಡುಗಾರನ ಮುಖಕ್ಕೆ ಫಳಾರನೆ ಬೆಳಕು ಹೊಡೆಯಿತು. ಆತ ಕಣ್ಣಿಗೆ ಕೈ ಅಡ್ಡ ಹಿಡಿದ. ಸಾಲು ತಪ್ಪಿತು. ವೇದಿಕೆಯ ಪಕ್ಕದಲ್ಲಿದ್ದ ವಾಲಂಟಿಯರ್ ಒಬ್ಬ ಕೈಸನ್ನೆಯಲ್ಲೇ ನನ್ನನ್ನು ಹಿಂದಕ್ಕೆ ಅಟ್ಟಿದ. ಫ್ಲ್ಯಾಶ್ ಮುಚ್ಚಿದ ಮೇಲೆ ಇನ್ನೊಂದು ಫಜೀತಿ. ಶಟರ್ ವೇಗ ಇಳಿಸಿದರೆ ಗಿಟಾರ್ ಮೇಲಿನ ಬೆರಳುಗಳು ಹೊಗೆಯ ಹಾಗೆ ಕಲಸಿಹೋಗುತ್ತಿದ್ದವು. ಏರಿಸಿದರೆ ಚಿತ್ರವೇ ಕಪ್ಪು. ಸಾಲದ್ದಕ್ಕೆ ಎಲ್‌ಇಡಿ ದೀಪಗಳ ಅಡ್ಡಪಟ್ಟೆಗಳು. ರಾತ್ರಿ ಹಾಸ್ಟೆಲ್‌ಗೆ ಬಂದು ನೋಡಿದರೆ ನಾನೂರಕ್ಕೂ ಹೆಚ್ಚು ಫೋಟೊ, ನೋಡುವಂಥವು ಮೂರೇ ಮೂರು. ಕ್ಲಾಸ್ ಗ್ರೂಪ್‌ಗೆ ಹಾಕಿದ್ದಕ್ಕೆ ಬಂದ ನಗುವಿನ ಇಮೋಜಿಗಳನ್ನು ಎಣಿಸಲಿಲ್ಲ.

ನಾನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ. ಎಲ್‌ಇಡಿ ದೀಪ ಸೆಕೆಂಡಿಗೆ ನೂರಾರು ಸಲ ಆರಿ ಹೊತ್ತಿ ಮಾಡುತ್ತದೆ, ಕಣ್ಣಿಗೆ ಕಾಣದ ಆ ಮಿಣುಕು ಕ್ಯಾಮೆರಾಗೆ ಪಟ್ಟೆಯಾಗಿ ಕಾಣುತ್ತದೆ ಎಂದು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯಬಲ್ಲೆ. ವೇದಿಕೆಯ ಮುಂದೆ ಅದು ಉಪಯೋಗಕ್ಕೆ ಬರಲಿಲ್ಲ. ನನಗೆ ತರಬೇತಿ ಇಲ್ಲ, ಸ್ವಂತ ಕ್ಯಾಮೆರಾ ಇಲ್ಲ, ಮೇಲೆ ಮ್ಯಾಥ್ಸ್ ಬ್ಯಾಕ್ ಬೇರೆ ಇದೆ. ಇದೆಲ್ಲ ನನ್ನಂಥವಳಿಗೆ ಅಲ್ಲ ಎಂದು ತೀರ್ಮಾನಿಸಿ ಕ್ಯಾಮೆರಾ ಹಿಂತಿರುಗಿಸಿದೆ.

ಆಮೇಲೊಂದು ದಿನ, ಸಂಗೀತ ಕಾರ್ಯಕ್ರಮಗಳ ಹಳೆಯ ಫೋಟೊಗಳನ್ನು ಹುಡುಕುತ್ತಿದ್ದಾಗ ಜಿಮಿ ಹೆಂಡ್ರಿಕ್ಸ್‌ನ ಕಪ್ಪು ಬಿಳುಪು ಚಿತ್ರವೊಂದು ಸಿಕ್ಕಿತು. ಅದರ ಕೆಳಗಿದ್ದ ಹೆಸರು ಲಿಂಡಾ ಮೆಕಾರ್ಟ್ನಿ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಯ ಹೆಂಡತಿ ಎಂದಷ್ಟೇ ನನಗೆ ಗೊತ್ತಿದ್ದದ್ದು. ಗಂಡನ ಹೆಸರಿನಿಂದ ಬಾಗಿಲು ತೆರೆದಿರಬೇಕು ಅಂದುಕೊಂಡೆ. ಓದುತ್ತ ಹೋದರೆ ವಿಷಯ ತಿರುಗುಮುರುಗು. ಪಾಲ್‌ನನ್ನು ಮದುವೆಯಾಗುವ ಹೊತ್ತಿಗೆ ಆಕೆ ಅಮೆರಿಕದ ರಾಕ್ ಸಂಗೀತ ಲೋಕದಲ್ಲಿ ಹೆಸರು ಮಾಡಿದ ಛಾಯಾಗ್ರಾಹಕಿಯಾಗಿದ್ದಳು. ಆಕೆಯ ಆರಂಭವೋ, ನನ್ನ ಹಾಗೆಯೇ ಎರವಲು ಕ್ಯಾಮೆರಾದಿಂದ.

ಲಿಂಡಾ ಈಸ್ಟ್‌ಮನ್ ಹುಟ್ಟಿದ್ದು 1941ರ ಸೆಪ್ಟೆಂಬರ್ 24ರಂದು, ನ್ಯೂಯಾರ್ಕ್‌ನಲ್ಲಿ. ಬೆಳೆದದ್ದು ಹತ್ತಿರದ ಸ್ಕಾರ್ಸ್‌ಡೇಲ್ ಎಂಬ ಅನುಕೂಲಸ್ಥರ ಊರಿನಲ್ಲಿ. ಈಸ್ಟ್‌ಮನ್ ಎಂದ ಕೂಡಲೇ ಕೊಡಾಕ್ ಕಂಪನಿ ಕಟ್ಟಿದ ಜಾರ್ಜ್ ಈಸ್ಟ್‌ಮನ್ ನೆನಪಾಗುತ್ತಾನೆ. ಆಕೆ ಆ ಮನೆತನದವಳೇ ಎಂಬ ಸುದ್ದಿ ಜೀವನಪೂರ್ತಿ ಬೆನ್ನು ಹತ್ತಿತ್ತು. ಫಿಲಂ ಕಂಪನಿಯ ಮಗಳಿಗೆ ಫೋಟೊ ತೆಗೆಯುವುದೇನು ಮಹಾ ಎಂದು ಜನ ಅಂದುಕೊಂಡರು. ಅದು ಸುಳ್ಳು. ಆಕೆಯ ಅಪ್ಪ ಲೀ, ವಲಸೆ ಬಂದ ಯಹೂದಿ ಕುಟುಂಬದವರು. ಹುಟ್ಟು ಹೆಸರು ಎಪ್‌ಸ್ಟೈನ್, ಆಮೇಲೆ ಈಸ್ಟ್‌ಮನ್ ಎಂದು ಬದಲಿಸಿಕೊಂಡವರು. ವೃತ್ತಿಯಲ್ಲಿ ವಕೀಲರು.

ಹಾಗೆಂದು ಆಕೆ ಏನೂ ಇಲ್ಲದ ಮನೆಯಿಂದ ಬಂದವಳಲ್ಲ, ಅದನ್ನೂ ಹೇಳಬೇಕು. ಅಪ್ಪನ ಕಕ್ಷಿದಾರರಲ್ಲಿ ಸಂಗೀತಗಾರರು, ಚಿತ್ರಕಾರರು ಇದ್ದರು. ಬ್ಯಾಂಡ್ ನಾಯಕ ಟಾಮಿ ಡಾರ್ಸಿ, ಚಿತ್ರಕಾರ ವಿಲ್ಲೆಮ್ ಡಿ ಕೂನಿಂಗ್ ಅಂಥವರು. ಹಾಡು ಬರೆಯುವ ಜ್ಯಾಕ್ ಲಾರೆನ್ಸ್ ಎಂಬವರು ಪುಟ್ಟ ಹುಡುಗಿಯ ಹೆಸರಿನಲ್ಲೇ ಒಂದು ಹಾಡು ಬರೆದಿದ್ದರು. ಹೆಸರಾಂತ ಜನ ಮನೆಗೆ ಬಂದು ಹೋಗುವುದನ್ನು ನೋಡಿ ಬೆಳೆದವಳಿಗೆ ಮುಂದೆ ತಾರೆಯರ ಎದುರು ನಿಂತಾಗ ನಾಲಿಗೆ ಒಣಗದಿದ್ದರೆ ಆಶ್ಚರ್ಯವಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಆ ಸಲುಗೆ ಹುಟ್ಟಿನಿಂದ ಬರುವುದಿಲ್ಲ. ಆದರೆ ಆ ಮನೆ ಆಕೆಗೆ ಕ್ಯಾಮೆರಾ ಹಿಡಿಯಲು ಕಲಿಸಿರಲಿಲ್ಲ.

ಓದಿನಲ್ಲಿ ಲಿಂಡಾ ಅಷ್ಟಕ್ಕಷ್ಟೇ. ಅಪ್ಪ, ಅಣ್ಣ ಇಬ್ಬರೂ ಓದಿನಲ್ಲಿ ಮುಂದು. ಈಕೆಗೆ ಕುದುರೆ, ಕಾಡುಮೇಡು, ರೇಡಿಯೊದ ಹಾಡು. ಮುಂದೆ ಅರಿಜೋನಾ ರಾಜ್ಯದ ಟೂಸಾನ್ ಎಂಬ ಊರಿಗೆ ಹೋಗಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿದಳು. ಸುತ್ತ ಮರುಭೂಮಿ, ಆಳೆತ್ತರದ ಕಳ್ಳಿಗಿಡ, ಬಿಸಿಲು.

1962ರ ಮಾರ್ಚ್ 1. ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟ ವಿಮಾನವೊಂದು ಮೇಲೇರಿದ ಕೆಲವೇ ನಿಮಿಷಗಳಲ್ಲಿ ಜಮೈಕಾ ಕೊಲ್ಲಿಗೆ ಬಿತ್ತು. ಅದರಲ್ಲಿದ್ದ 95 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಲಿಂಡಾಳ ಅಮ್ಮ ಲೂಯಿಸ್ ಆ ವಿಮಾನದಲ್ಲಿದ್ದರು. ಆಗ ಲಿಂಡಾಗೆ ಇಪ್ಪತ್ತು ವರ್ಷ. ಈ ಸಾಲು ಓದುವಾಗ ನಾನು ಹಾಸ್ಟೆಲ್ ಮಂಚದ ಮೇಲಿದ್ದೆ. ನನಗೂ ಇಪ್ಪತ್ತು. ಎದ್ದು ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಏನಾಯ್ತೇ ಈ ಹೊತ್ತಲ್ಲಿ ಎಂದು ಗಾಬರಿಯಾದರು. ಏನಿಲ್ಲಮ್ಮ, ಸುಮ್ಮನೆ ಅಂದೆ.

ಅದೇ ವರ್ಷ ಆಕೆ ಭೂವಿಜ್ಞಾನದ ವಿದ್ಯಾರ್ಥಿ ಮೆಲ್ವಿಲ್ ಸೀ ಎಂಬಾತನನ್ನು ಮದುವೆಯಾದಳು. ವರ್ಷದ ಕೊನೆಯ ದಿನ ಮಗಳು ಹೆದರ್ ಹುಟ್ಟಿದಳು. ಮದುವೆ ಬಹಳ ದಿನ ಬಾಳಲಿಲ್ಲ. 1965ರಲ್ಲಿ ವಿಚ್ಛೇದನ. ಕೆಲಸ ಇಲ್ಲ, ಕಂಕುಳಲ್ಲಿ ಪುಟ್ಟ ಮಗು. ಇಷ್ಟರ ನಡುವೆಯೇ ಎಲ್ಲೋ ಒಂದು ತಿರುವು ಬಂದಿತ್ತು.

ಟೂಸಾನ್‌ನ ಕಲಾಕೇಂದ್ರದಲ್ಲಿ ಹೇಝಲ್ ಲಾರ್ಸನ್ ಆರ್ಚರ್ ಎಂಬ ಶಿಕ್ಷಕಿ ಫೋಟೊಗ್ರಫಿ ಹೇಳಿಕೊಡುತ್ತಿದ್ದರು. ಚಿಕ್ಕಂದಿನಲ್ಲಿ ಪೋಲಿಯೊ ತಗುಲಿ ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದವರು. ಗೆಳತಿಯೊಬ್ಬಳ ಜತೆ ಲಿಂಡಾ ಆ ತರಗತಿಗೆ ಹೋದಳು. ಅಲ್ಲಿ ಮೊದಲು ಕಂಡದ್ದು ಕ್ಯಾಮೆರಾದ ಬಿಡಿಭಾಗಗಳ ಪಾಠವಲ್ಲ, ಡೊರೊಥಿಯಾ ಲ್ಯಾಂಗ್, ವಾಕರ್ ಇವಾನ್ಸ್ ತೆಗೆದ ಚಿತ್ರಗಳು. 1930ರ ದಶಕದ ಬಡತನದಲ್ಲಿ ಊರು ಬಿಟ್ಟು ಅಲೆದ ಅಮೆರಿಕದ ರೈತರು, ಕೂಲಿಕಾರರು, ಅವರ ಮುಖಗಳು. ಫೋಟೊ ಎಂದರೆ ಇದೂ ಆಗಬಹುದು ಎಂದು ಆಕೆಗೆ ಹೊಳೆದದ್ದು ಆಗ. ಶಿಕ್ಷಕಿ ಕೊಟ್ಟ ಮೊದಲ ಕೆಲಸವೂ ಸರಳ. ಒಂದು ಕ್ಯಾಮೆರಾ ಎರವಲು ತನ್ನಿ, ಹೊರಗೆ ಹೋಗಿ ತೆಗೆಯಿರಿ, ತಂದು ತೋರಿಸಿ. ಲಿಂಡಾ ಹಾಗೆಯೇ ಮಾಡಿದಳು. ಆಕೆಯ ಶಾಸ್ತ್ರೀಯ ತರಬೇತಿ ಎಂದರೆ ಬೆರಳೆಣಿಕೆಯ ಆ ತರಗತಿಗಳು, ಅಷ್ಟೇ.

ಮಗಳನ್ನು ಕರೆದುಕೊಂಡು ನ್ಯೂಯಾರ್ಕ್‌ಗೆ ಮರಳಿದಳು. ಟೌನ್ ಅಂಡ್ ಕಂಟ್ರಿ ಎಂಬ ಶ್ರೀಮಂತರ ಪತ್ರಿಕೆಯಲ್ಲಿ ಕೆಲಸ ಸಿಕ್ಕಿತು. ಫೋಟೊ ವಿಭಾಗದಲ್ಲಲ್ಲ, ಸ್ವಾಗತಕಾರಿಣಿಯಾಗಿ. ಬಂದವರನ್ನು ವಿಚಾರಿಸುವುದು, ಫೋನ್ ಎತ್ತುವುದು, ಅಂಚೆ ಬಿಡಿಸುವುದು. ಬಿಡುವಿನಲ್ಲಿ ಡೇವಿಡ್ ಡಾಲ್ಟನ್ ಎಂಬ ಛಾಯಾಗ್ರಾಹಕ ಗೆಳೆಯ ಬ್ಯಾಂಡ್‌ಗಳ ಚಿತ್ರ ತೆಗೆಯುವುದನ್ನು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಹೇಳಿದ ಮಾತು ಕೇಳದ ಹುಡುಗರ ಗುಂಪನ್ನು ಚೌಕಟ್ಟಿನೊಳಗೆ ತರುವುದು ಹೇಗೆ ಎಂಬುದು ಯಾವ ಪುಸ್ತಕದಲ್ಲೂ ಇರುವುದಿಲ್ಲವಲ್ಲ.

1966ರ ಜೂನ್‌ನಲ್ಲಿ ಪತ್ರಿಕೆಯ ಕಚೇರಿಗೆ ಒಂದು ಆಹ್ವಾನ ಬಂತು. ಇಂಗ್ಲೆಂಡ್‌ನ ರೋಲಿಂಗ್ ಸ್ಟೋನ್ಸ್ ತಂಡ ಹಡ್ಸನ್ ನದಿಯಲ್ಲಿ ಸೀ ಪ್ಯಾಂಥರ್ ಎಂಬ ವಿಹಾರ ನೌಕೆಯ ಮೇಲೆ ಪತ್ರಕರ್ತರನ್ನು ಕಾಣಲಿದೆ ಎಂದು. ಕಚೇರಿಯಲ್ಲಿ ಬೇರೆ ಯಾರಿಗೂ ಅದು ಬೇಕಿರಲಿಲ್ಲ. ಆಹ್ವಾನವನ್ನು ಲಿಂಡಾ ತಾನೇ ಇಟ್ಟುಕೊಂಡಳು. ಕ್ಯಾಮೆರಾ ಹಿಡಿದು ದಕ್ಕೆಗೆ ಹೋದಳು. ನೌಕೆ ಏರಲು ಬಿಟ್ಟ ಛಾಯಾಗ್ರಾಹಕಿ ಈಕೆಯೊಬ್ಬಳೇ. ಮಿಕ್ ಜಾಗರ್, ಬ್ರಯಾನ್ ಜೋನ್ಸ್ ಮತ್ತಿತರರು ಡೆಕ್ಕಿನ ಮೇಲೆ ಆರಾಮಾಗಿ ಕುಳಿತರು, ಈಕೆ ತೆಗೆದಳು. ನೌಕೆ ದಡಕ್ಕೆ ಬಂದಾಗ ಬೇರೆ ಯಾರ ಬಳಿಯೂ ಇಲ್ಲದ ಚಿತ್ರಗಳು ಸ್ವಾಗತಕಾರಿಣಿಯೊಬ್ಬಳ ಚೀಲದಲ್ಲಿದ್ದವು. ಅದಾಗಿ ಸ್ವಲ್ಪ ದಿನಕ್ಕೆ ಆಕೆ ಕೆಲಸ ಬಿಟ್ಟಳು.

ಇದು ಅದೃಷ್ಟ ಅಲ್ಲದೆ ಮತ್ತೇನು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಚೆಲುವೆ, ಶ್ರೀಮಂತರ ಮಗಳು, ಒಳಗೆ ಬಿಟ್ಟರು ಅಂತ. ಇರಬಹುದು. ಆದರೆ ಆ ಆಹ್ವಾನ ಮೇಜಿನ ಮೇಲೆ ಬಿದ್ದಿದ್ದಾಗ ಆಕೆಯೂ ಇದು ನನ್ನಂಥವಳಿಗಲ್ಲ ಅಂದುಕೊಳ್ಳಬಹುದಿತ್ತು. ನಾನು ಅಂದುಕೊಂಡೆನಲ್ಲ, ಹಾಗೆ.

ಮುಂದಿನ ಎರಡು ವರ್ಷ ಲಿಂಡಾ ಬಿಡುವಿಲ್ಲದೆ ದುಡಿದಳು. ಆಗ ರಾಕ್ ಬ್ಯಾಂಡ್‌ಗಳ ಸುತ್ತ ಇವತ್ತಿನಷ್ಟು ಕಾವಲು ಇರಲಿಲ್ಲ. ಈಗ ದೊಡ್ಡ ಕಾರ್ಯಕ್ರಮಗಳಲ್ಲಿ ಪಾಸ್ ಇದ್ದವರಿಗೂ ಸಾಮಾನ್ಯವಾಗಿ ಮೊದಲ ಮೂರು ಹಾಡುಗಳಿಗಷ್ಟೇ ಅವಕಾಶ. ಫ್ಲ್ಯಾಶ್ ಹಾಕುವಂತಿಲ್ಲ, ಮೂರು ಹಾಡು ಮುಗಿದ ಕೂಡಲೇ ವೇದಿಕೆಯ ಮುಂದಿನ ಜಾಗ ಖಾಲಿ ಮಾಡಬೇಕು. ಲಿಂಡಾಳ ಕಾಲದಲ್ಲಿ ವೇದಿಕೆಯ ಹಿಂದೆ, ಗ್ರೀನ್ ರೂಮಿನಲ್ಲಿ, ಕಾರಿನಲ್ಲಿ, ಉದ್ಯಾನದಲ್ಲಿ ಎಲ್ಲೆಂದರಲ್ಲಿ ಜತೆಗಿರಬಹುದಿತ್ತು. ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್, ಅರೆಥಾ ಫ್ರ್ಯಾಂಕ್ಲಿನ್, ದಿ ಹೂ, ಗ್ರೇಟ್‌ಫುಲ್ ಡೆಡ್, ಹೀಗೆ ಆ ಕಾಲದ ಹೆಸರುಗಳೆಲ್ಲ ಆಕೆಯ ರೀಲುಗಳಲ್ಲಿವೆ.

ಕೆಲಸದ ರೀತಿಯಿಂದಲೂ ಕಲಿಯುವುದಿದೆ. ಫ್ಲ್ಯಾಶ್ ಆಕೆಗೆ ಇಷ್ಟವಿರಲಿಲ್ಲ. ಇರುವ ಬೆಳಕಿನಲ್ಲೇ ತೆಗೆಯುವುದು. ಮೀಟರಿಗಿಂತ ಹೆಚ್ಚಾಗಿ ತನ್ನ ಕಣ್ಣಿನ ಅಂದಾಜನ್ನು ನಂಬುವುದು. ಇದು ಎಷ್ಟು ಕಷ್ಟ ಎನ್ನುವುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಆಗ ಸಾಮಾನ್ಯವಾಗಿ ಸಿಗುತ್ತಿದ್ದ ವೇಗದ ಕಪ್ಪು ಬಿಳುಪು ಫಿಲಂನ ಸಂವೇದನೆ 400. ಇವತ್ತು ನಮ್ಮ ಕ್ಯಾಮೆರಾದಲ್ಲಿ ಐಎಸ್‌ಒ 3200 ಇಟ್ಟರೂ ಚಿತ್ರ ಚೆನ್ನಾಗಿಯೇ ಬರುತ್ತದೆ. ಅಂದರೆ ಎಂಟು ಪಟ್ಟು ಅನುಕೂಲ. ನಾನು ಸೆಕೆಂಡಿನ 250ನೇ ಒಂದು ಭಾಗದಲ್ಲಿ ತೆಗೆಯುವ ಚಿತ್ರಕ್ಕೆ, ಅದೇ ಬೆಳಕು ಅದೇ ಲೆನ್ಸ್ ಆದರೆ, 400ರ ಫಿಲಂನಲ್ಲಿ ಹೆಚ್ಚುಕಡಿಮೆ 30ನೇ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿಡಬೇಕು. ಅಷ್ಟು ಹೊತ್ತು ಡ್ರಮ್ಮರ್‌ನ ಕೈ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಹಾಗಾದರೆ ದಾರಿ ಏನು? ಹಾಡು ಕೇಳುವುದು. ಹಾಡುಗಾರ ಉಸಿರು ಎಳೆದುಕೊಳ್ಳುವ ಗಳಿಗೆ, ಗಿಟಾರ್‌ನವನು ಸ್ವರವೊಂದನ್ನು ಹಿಡಿದು ತಲೆ ಹಿಂದಕ್ಕೆ ಚೆಲ್ಲುವ ಗಳಿಗೆ, ಇವು ಹಾಡಿನೊಳಗೇ ಇರುತ್ತವೆ. ಹಾಡು ಗೊತ್ತಿದ್ದವರಿಗೆ ಅವು ಬರುವ ಮೊದಲೇ ಗೊತ್ತಾಗುತ್ತದೆ. ಜತೆಗೆ ಒಂದು ರೀಲಿನಲ್ಲಿ 36 ಚಿತ್ರ ಮಾತ್ರ. ತೆಗೆದದ್ದು ಹೇಗೆ ಬಂತು ಎಂದು ಅಲ್ಲೇ ನೋಡುವಂತಿಲ್ಲ. ನಾನೂರು ಸಲ ಒತ್ತಿ ಮೂರು ಉಳಿಸಿಕೊಂಡ ನನಗೆ ಈ ಲೆಕ್ಕ ಚುರುಕ್ ಎನಿಸಿತು.

1968ರ ಮಾರ್ಚ್ 8ರಂದು ಬಿಲ್ ಗ್ರಹಾಂ ಎಂಬ ಆಯೋಜಕ ನ್ಯೂಯಾರ್ಕ್‌ನ ಸೆಕೆಂಡ್ ಅವೆನ್ಯೂದಲ್ಲಿ ಹಳೆಯ ರಂಗಮಂದಿರವೊಂದನ್ನು ಫಿಲ್ಮೋರ್ ಈಸ್ಟ್ ಎಂಬ ಹೆಸರಿನಲ್ಲಿ ತೆರೆದ. ರಾಕ್ ಪ್ರಿಯರಿಗೆ ಅದು ಗುಡಿಯಂತಾಯಿತು. ಲಿಂಡಾ ಅಲ್ಲಿ ಅಧಿಕೃತ ನೇಮಕವಿಲ್ಲದೆಯೇ ಮನೆಯ ಛಾಯಾಗ್ರಾಹಕಿಯಂತೆ ಇದ್ದಳು. ವಾದ್ಯಗಾರರ ಹಿಂದಿನ ದೊಡ್ಡ ಪರದೆಯ ಮೇಲೆ ಬಣ್ಣದ ದ್ರವ, ಬೆಳಕು ಬೆರೆಸಿ ಕುಣಿಸುತ್ತಿದ್ದರು. ಹಿನ್ನೆಲೆ ಕ್ಷಣಕ್ಷಣಕ್ಕೂ ಬದಲಾಗುವ ಅಂಥ ಕಡೆ ಬೆಳಕು ಅಳೆಯುವುದು ಇನ್ನೂ ಕಷ್ಟ. ಅಲ್ಲಿ ರಾತ್ರಿಗಟ್ಟಲೆ ನಿಂತದ್ದೇ ಆಕೆಯ ಲ್ಯಾಬ್.

ಅದೇ ವರ್ಷದ ಮೇ 11ರ ರೋಲಿಂಗ್ ಸ್ಟೋನ್ ಪತ್ರಿಕೆಯ ಮುಖಪುಟದಲ್ಲಿ ಆಕೆ ತೆಗೆದ ಎರಿಕ್ ಕ್ಲಾಪ್ಟನ್ ಚಿತ್ರ ಬಂತು. ಆ ಪತ್ರಿಕೆಯ ಮುಖಪುಟಕ್ಕೆ ಮಹಿಳೆಯೊಬ್ಬಳು ತೆಗೆದ ಚಿತ್ರ ಬಂದದ್ದು ಅದೇ ಮೊದಲು. ಕ್ಯಾಮೆರಾ ಎರವಲು ತಂದವಳು ಕೆಲವೇ ವರ್ಷಗಳಲ್ಲಿ ಅಲ್ಲಿಗೆ ಮುಟ್ಟಿದ್ದಳು.

ಪಾಲ್ ಸಿಕ್ಕಿದ್ದೂ ಕ್ಯಾಮೆರಾದ ದಾರಿಯಲ್ಲೇ. ರಾಕ್ ಸಂಗೀತದ ಬಗೆಗಿನ ಒಂದು ಪುಸ್ತಕಕ್ಕೆ ಚಿತ್ರ ತೆಗೆಯಲು 1967ರ ಮೇ ತಿಂಗಳಲ್ಲಿ ಲಂಡನ್‌ಗೆ ಹೋಗಿದ್ದಳು. ಮೇ 15ರ ರಾತ್ರಿ ಬ್ಯಾಗ್ ಓ ನೇಲ್ಸ್ ಎಂಬ ಕ್ಲಬ್ಬಿನಲ್ಲಿ ಜಾರ್ಜಿ ಫೇಮ್ ಕಾರ್ಯಕ್ರಮ. ಅಲ್ಲಿ ಪರಿಚಯ. ನಾಲ್ಕು ದಿನದ ನಂತರ ಬೀಟಲ್ಸ್‌ನ ಸಾರ್ಜೆಂಟ್ ಪೆಪರ್ ಆಲ್ಬಂ ಬಿಡುಗಡೆಯ ಪತ್ರಿಕಾಗೋಷ್ಠಿಯಲ್ಲಿ ಮತ್ತೆ ಭೇಟಿ. ಆ ದಿನ ಜಾನ್ ಲೆನನ್, ಪಾಲ್ ಕೈಕುಲುಕುವ ಚಿತ್ರ ತೆಗೆದದ್ದೂ ಈಕೆಯೇ. 1969ರ ಮಾರ್ಚ್ 12ರಂದು ಲಂಡನ್‌ನಲ್ಲಿ ಮದುವೆಯಾಯಿತು. ಹೊರಗೆ ಅಭಿಮಾನಿ ಹುಡುಗಿಯರು ಅಳುತ್ತ ನಿಂತಿದ್ದರು.

ಇಲ್ಲಿಂದ ಮುಂದಿನ ಕಥೆ ಹೆಚ್ಚಿನವರಿಗೆ ಗೊತ್ತು. ಗೊತ್ತಿರುವುದು ಅರ್ಧವೇ. ಬೀಟಲ್ಸ್ ಒಡೆಯಿತು. 1971ರಲ್ಲಿ ಪಾಲ್ ಕಟ್ಟಿದ ವಿಂಗ್ಸ್ ತಂಡದಲ್ಲಿ ಲಿಂಡಾ ಕೀಬೋರ್ಡ್ ಹಿಡಿದಳು. ಅದೂ ಗಂಡನಿಂದ ಹೊಸದಾಗಿ ಕಲಿತು. ಕ್ಯಾಮೆರಾದ ಹಿಂದಿದ್ದವಳು ಬೇರೆಯವರ ಕ್ಯಾಮೆರಾಗಳ ಮುಂದೆ ನಿಂತಳು. ವಿಮರ್ಶಕರು ಆಕೆಯ ಹಾಡನ್ನು, ನುಡಿಸುವುದನ್ನು ಆಡಿಕೊಂಡರು. ಕಾರ್ಯಕ್ರಮವೊಂದರಲ್ಲಿ ಆಕೆ ಅಪಸ್ವರ ಹಾಡಿದ ಧ್ವನಿಯನ್ನಷ್ಟೇ ಬೇರ್ಪಡಿಸಿದ ಟೇಪ್ ಒಂದು ನಗೆಯಾಟದ ವಸ್ತುವಾಗಿ ಹರಿದಾಡಿತು. ಆದರೂ ವೇದಿಕೆ ಬಿಟ್ಟು ಓಡಲಿಲ್ಲ. ಕ್ಲಾಸ್ ಗ್ರೂಪ್‌ನ ಹತ್ತಿಪ್ಪತ್ತು ಇಮೋಜಿಗೆ ಕ್ಯಾಮೆರಾ ಹಿಂತಿರುಗಿಸಿದವಳು ನಾನು.

ಫೋಟೊ ತೆಗೆಯುವುದನ್ನೂ ಆಕೆ ಬಿಡಲಿಲ್ಲ. ವಸ್ತು ಬದಲಾಯಿತು ಅಷ್ಟೇ. ಸ್ಕಾಟ್ಲೆಂಡ್‌ನ ತೋಟದ ಮನೆ, ಕುದುರೆ, ಕುರಿ, ಕೆಸರಿನಲ್ಲಿ ಆಡುವ ಮಕ್ಕಳು. 1970ರಲ್ಲಿ ಬಂದ ಪಾಲ್‌ನ ಮೊದಲ ಸ್ವಂತ ಆಲ್ಬಂನ ಹಿಂಬದಿಯಲ್ಲಿ ಆಕೆ ತೆಗೆದ ಚಿತ್ರವಿದೆ. ಅಪ್ಪನ ಜಾಕೆಟ್ಟಿನೊಳಗಿಂದ ಹಸುಗೂಸೊಂದು ಇಣುಕುತ್ತಿದೆ. ಆ ಕೂಸು ಮಗಳು ಮೇರಿ. ಮುಂದೆ ಮೇರಿಯೂ ಛಾಯಾಗ್ರಾಹಕಿಯಾದಳು. ಪ್ರಾಣಿಗಳ ಮೇಲಿನ ಪ್ರೀತಿಯಿಂದ ಲಿಂಡಾ ಸಸ್ಯಾಹಾರಿಯಾದಳು, ಅಡುಗೆ ಪುಸ್ತಕ ಬರೆದಳು, 1991ರಲ್ಲಿ ಸಸ್ಯಾಹಾರಿ ತಿನಿಸುಗಳ ಉದ್ಯಮವನ್ನೇ ಆರಂಭಿಸಿದಳು. ಅರವತ್ತರ ದಶಕದ ಚಿತ್ರಗಳು 1992ರಲ್ಲಿ ಪುಸ್ತಕವಾಗಿ ಬಂದವು.

1995ರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. 1998ರ ಏಪ್ರಿಲ್ 17ರಂದು ಆಕೆ ತೀರಿಕೊಂಡಳು. ವಯಸ್ಸು 56. ಕೊನೆಯುಸಿರೆಳೆದದ್ದು ಟೂಸಾನ್‌ನಲ್ಲಿ, ಮೊದಲ ಸಲ ಕ್ಯಾಮೆರಾ ಎರವಲು ಪಡೆದ ಊರಿನಲ್ಲಿ. ಇಪ್ಪತ್ತು ವರ್ಷಗಳ ನಂತರ ಆಕೆಯ 63 ಚಿತ್ರಗಳನ್ನು ಪಾಲ್ ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

ಇಷ್ಟು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನವೆಂಬರ್‌ನಲ್ಲಿ ಕಾಲೇಜಿನಲ್ಲಿ ರಾಜ್ಯೋತ್ಸವದ ಸಂಜೆ ಭಾವಗೀತೆ ಕಾರ್ಯಕ್ರಮ. ಸೀನಿಯರ್ ಅಕ್ಕನ ಬಳಿ ಮತ್ತೆ ಹೋದೆ. ಹೆದರಿಕೊಂಡೇ ಕೇಳಿದೆ. ನಕ್ಕು ಕೊಟ್ಟರು, ಫ್ಲ್ಯಾಶ್ ಮುಚ್ಚೋದು ಮರೀಬೇಡ ಅಂತ ಹೇಳಿಯೇ ಕೊಟ್ಟರು. ಕಾರ್ಯಕ್ರಮ ಆರಕ್ಕೆ, ನಾನು ನಾಲ್ಕಕ್ಕೇ ಹೋದೆ. ಮೈಕ್ ಪರೀಕ್ಷೆ, ತಬಲಾ ಶ್ರುತಿ ಮಾಡುವುದು, ಹಾಡಿನ ತಾಲೀಮು ಎಲ್ಲ ಕೇಳುತ್ತ ಕುಳಿತೆ. ಹಾಡುವ ಹುಡುಗಿ ಫಸ್ಟ್ ಇಯರ್. ಕೈ ನಡುಗುತ್ತಿತ್ತು. ನನ್ನ ಕೈಯೂ ನಡುಗುತ್ತಿದೆ ಎಂದು ತೋರಿಸಿದೆ. ಇಬ್ಬರೂ ನಕ್ಕೆವು. ಯಾವ ಸಾಲಿನಲ್ಲಿ ದನಿ ಮೇಲೇರುತ್ತದೆ, ಎಲ್ಲಿ ಆಕೆ ಕಣ್ಣು ಮುಚ್ಚುತ್ತಾಳೆ ಎಂದು ತಾಲೀಮಿನಲ್ಲೇ ನೋಡಿಟ್ಟುಕೊಂಡೆ.

ಆ ಸಂಜೆ ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ. 36 ಚಿತ್ರ, ಅಷ್ಟೇ. ಎಫ್ 1.8, ಐಎಸ್‌ಒ 3200, ಸೆಕೆಂಡಿನ 200ನೇ ಒಂದು ಭಾಗ. ಹನ್ನೊಂದು ಚೆನ್ನಾಗಿ ಬಂದವು. ಅದರಲ್ಲಿ ಒಂದರಲ್ಲಿ ಹಾಡು ಮುಗಿದು ಚಪ್ಪಾಳೆ ಶುರುವಾಗುವ ಮೊದಲಿನ ಗಳಿಗೆಯಿದೆ. ಆಕೆ ಇನ್ನೂ ಕಣ್ಣು ತೆರೆದಿಲ್ಲ, ತಬಲದವನ ಕೈ ಚರ್ಮದ ಮೇಲೇ ನಿಂತಿದೆ. ಮರುದಿನ ಆ ಹುಡುಗಿ ಹುಡುಕಿಕೊಂಡು ಬಂದು, ಅಕ್ಕ, ಇದನ್ನ ನಮ್ಮಮ್ಮನಿಗೆ ಕಳಿಸ್ಲಾ ಎಂದು ಕೇಳಿದಳು. ಗ್ರೂಪ್‌ನಲ್ಲಿ ಯಾರು ಏನು ಹಾಕಿದರು ಎಂದು ಆಮೇಲೆ ನೋಡಲೇ ಇಲ್ಲ.

ಮ್ಯಾಥ್ಸ್ ಬ್ಯಾಕ್ ಇನ್ನೂ ಇದೆ, ಜನವರಿಯಲ್ಲಿ ಬರೆಯಬೇಕು. ಸ್ವಂತ ಕ್ಯಾಮೆರಾ ಕೊಳ್ಳುವ ದುಡ್ಡು ಈಗಲೂ ಇಲ್ಲ. ಆದರೆ ಮಾರ್ಚ್‌ನ ಫೆಸ್ಟ್‌ಗೆ ಫೋಟೊ ತೆಗೆಯುವವರ ಪಟ್ಟಿಯಲ್ಲಿ ಈ ಸಲ ನಾನೇ ಹೋಗಿ ಹೆಸರು ಬರೆಸಿ ಬಂದಿದ್ದೇನೆ. ಕ್ಯಾಮೆರಾ ಮತ್ತೆ ಎರವಲು.